ಏಳು ಸೀಟಿನ ಗಾಡಿಯಲ್ಲಿ ಏಳು ಜನರಿಗೆ ಜಾಗ ಇದೆಯೆ?

ಮನೆಗೆ ಹೊಸ ಗಾಡಿ ತರುವ ಮಾತು ಬಂದಾಗ ಹಿರಿಯರು ಕೇಳುವ ಮೊದಲ ಪ್ರಶ್ನೆ, ಬೆಲೆ ಎಷ್ಟು ಎಂಬುದು. ಎರಡನೆಯದು, ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು. ಸಂಸಾರ ದೊಡ್ಡದಿದ್ದರೆ ಮೂರನೆಯದೊಂದು ಸೇರಿಕೊಳ್ಳುತ್ತದೆ: ಎಲ್ಲರೂ ಹಿಡಿಸುತ್ತೇವೆಯೆ? ಇದಕ್ಕೂ ಕಂಪನಿಯ ಬ್ರೋಷರಿನಲ್ಲಿ ಉತ್ತರ ಸಿದ್ಧವಾಗಿರುತ್ತದೆ. ‘ಮೂರು ಸಾಲು, ಏಳು ಸೀಟು’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಆದರೆ ಸೀಟು ಎಣಿಕೆಗೆ ಸಿಗುವ ವಸ್ತು. ಜಾಗವನ್ನು ಅಳೆಯಬೇಕು. ಇವೆರಡರ ನಡುವಿನ ವ್ಯತ್ಯಾಸವೇ ಈ ಲೇಖನದ ವಿಷಯ.

ಈ ಪುಟಗಳ ಓದುಗರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಗಾಡಿ ಕೊಳ್ಳುವ ಹಣ ನಿಮ್ಮದಲ್ಲ, ನಿಜ. ಆದರೂ ವಿಷಯ ನಿಮಗೆ ಹತ್ತಿರದ್ದು. ಅಪ್ಪ ಸ್ಟಿಯರಿಂಗ್ ಹಿಡಿಯುತ್ತಾರೆ, ಅಜ್ಜ ಅವರ ಪಕ್ಕ ಕೂರುತ್ತಾರೆ, ಅಮ್ಮ, ಅಜ್ಜಿ, ಅತ್ತೆ ನಡುವಿನ ಸಾಲು ಹಿಡಿಯುತ್ತಾರೆ. ‘ನೀವು ಚಿಕ್ಕವರು, ಹಿಂದೆ ಹೋಗಿ’ ಎಂಬ ಮಾತು ಬರುವುದು ನಿಮ್ಮ ಪಾಲಿಗೇ. ಬೆಂಗಳೂರಿನಿಂದ ಧರ್ಮಸ್ಥಳಕ್ಕೋ ಹುಬ್ಬಳ್ಳಿಗೋ ಹೊರಟ ಗಾಡಿಯಲ್ಲಿ ಆರೇಳು ಗಂಟೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂರುವವರು ನೀವು. ಆ ಸೀಟು ಕೂರಲು ತಕ್ಕುದೆ, ಅದರಲ್ಲಿ ಕೂತವರು ಸುರಕ್ಷಿತರೆ ಎಂದು ಹೇಳಲು ಬೇಕಾದ ಗಣಿತ ಮತ್ತು ಭೌತವಿಜ್ಞಾನ ಹೈಸ್ಕೂಲಿನ ಪಠ್ಯದಲ್ಲೇ ಇದೆ.

ಉದ್ದ ಹೆಚ್ಚಾದರೆ ಜಾಗ ಹೆಚ್ಚಾಗುತ್ತದೆಯೆ?

ಗಾಡಿಯ ಹೊರಗಿನ ಉದ್ದವನ್ನು ನೋಡಿ ಒಳಗಿನ ಜಾಗವನ್ನು ಊಹಿಸುವುದು ಸಹಜ. ಆದರೆ ಆ ಉದ್ದದಲ್ಲಿ ಎಂಜಿನ್ನಿನ ಪಾಲಿದೆ, ಬಂಪರುಗಳ ಪಾಲಿದೆ. ಇದಕ್ಕಿಂತ ಹೆಚ್ಚು ವಿಷಯ ತಿಳಿಸುವ ಇನ್ನೊಂದು ಅಳತೆ ಉಂಟು. ಮುಂದಿನ ಚಕ್ರದ ಕೇಂದ್ರದಿಂದ ಹಿಂದಿನ ಚಕ್ರದ ಕೇಂದ್ರಕ್ಕೆ ಇರುವ ಅಂತರ ಅದು. ಇದಕ್ಕೆ ವೀಲ್‌ಬೇಸ್ ಎನ್ನುತ್ತಾರೆ. ಜನ ನೆಮ್ಮದಿಯಾಗಿ ಕಾಲು ಇಳಿಬಿಟ್ಟು ಕೂರುವ ಜಾಗ ಬಹುಪಾಲು ಈ ಎರಡು ಚಕ್ರಗಳ ನಡುವೆ ಸಿಗುತ್ತದೆ. ಹಿಂದಿನ ಚಕ್ರ ದಾಟಿದರೆ ಚಕ್ರದ ಮೇಲಿನ ಕಮಾನು ಎರಡೂ ಪಕ್ಕದಿಂದ ಒಳಕ್ಕೆ ನುಗ್ಗುತ್ತದೆ. ಕೆಳಗಡೆ ಅಚ್ಚು, ಸ್ಪ್ರಿಂಗು, ಸೈಲೆನ್ಸರ್ ಕೊಳವೆ ಇವೆಲ್ಲ ನೆಲವನ್ನು ಮೇಲಕ್ಕೆ ದೂಡುತ್ತವೆ.

ಐದು ಸೀಟಿನ ಗಾಡಿಯನ್ನೇ ಹಿಗ್ಗಿಸಿ ಏಳು ಸೀಟಿನದಾಗಿ ಮಾಡಿದ ಎರಡು ಉದಾಹರಣೆಗಳನ್ನು ನೋಡೋಣ. 2019ರಲ್ಲಿ ಬಂದ ಟಾಟಾ ಹ್ಯಾರಿಯರ್ ಗಾಡಿಯ ಉದ್ದ 4598 ಮಿ.ಮೀ. ಅದರ ಮೂರು ಸಾಲಿನ ರೂಪವಾಗಿ 2021ರಲ್ಲಿ ಬಂದ ಸಫಾರಿಯ ಉದ್ದ 4661 ಮಿ.ಮೀ. ಎರಡರದ್ದೂ ವೀಲ್‌ಬೇಸ್ ಒಂದೇ, 2741 ಮಿ.ಮೀ. ಅಂದರೆ ಹೆಚ್ಚಾದ 63 ಮಿ.ಮೀ. ಪೂರ್ತಿ ಚಕ್ರಗಳ ಆಚೆಗೇ ಸೇರಿದೆ. ಚಾವಣಿಯನ್ನು ಮಾತ್ರ 80 ಮಿ.ಮೀ. ಎತ್ತರಿಸಿ ಹಿಂದಿನವರ ತಲೆಗೆ ಜಾಗ ಮಾಡಿಕೊಟ್ಟರು. ಇನ್ನೊಂದು ಉದಾಹರಣೆ ಹ್ಯುಂಡೈ ಕಂಪನಿಯದು. 2020ರ ಕ್ರೆಟಾ ಗಾಡಿಯ ಉದ್ದ 4300 ಮಿ.ಮೀ., ವೀಲ್‌ಬೇಸ್ 2610. ಅದನ್ನು ಹಿಗ್ಗಿಸಿ 2021ರಲ್ಲಿ ತಂದ ಅಲ್ಕಜಾರ್‌ನ ಉದ್ದ 4500, ವೀಲ್‌ಬೇಸ್ 2760. ಇಲ್ಲಿ ಹೆಚ್ಚಾದ 200 ಮಿ.ಮೀ.ನಲ್ಲಿ 150 ಮಿ.ಮೀ. ಚಕ್ರಗಳ ನಡುವೆಯೇ ಬಿದ್ದಿದೆ.

ಇಷ್ಟರಿಂದಲೇ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ತೀರ್ಪು ಕೊಡಬಾರದು. ಸಫಾರಿಯ ಅಗಲ ಹೆಚ್ಚು. ಭುಜಕ್ಕೆ ಅದರಲ್ಲಿ ಅನುಕೂಲ. ಆದರೆ ಮೂರನೆಯ ಸಾಲಿಗೆ ಜಾಗವನ್ನು ಎಲ್ಲಿಂದಾದರೂ ತರಲೇಬೇಕು. ಕೆಲವು ಗಾಡಿಗಳು ಅದನ್ನು ಚಕ್ರಗಳ ನಡುವಿನಿಂದ ತರುತ್ತವೆ, ಕೆಲವು ಚಾವಣಿಯಿಂದ, ಬಹಳಷ್ಟು ಗಾಡಿಗಳು ಡಿಕ್ಕಿಯಿಂದ ತರುತ್ತವೆ. ಎಲ್ಲಿಂದ ತಂದಿದ್ದಾರೆ ಎಂದು ಪತ್ತೆ ಹಚ್ಚುವುದು ಕೊಳ್ಳುವವರ ಮೊದಲ ಕೆಲಸ.

ಕುರ್ಚಿಯ ಎತ್ತರ ಮತ್ತು ಪೈಥಾಗೊರಸ್

ಈಗ ಒಂದು ಪ್ರಯೋಗ. ಮನೆಯಲ್ಲಿ ಊಟದ ಮೇಜಿನ ಕುರ್ಚಿಯ ಮೇಲೆ ನೆಟ್ಟಗೆ ಕುಳಿತುಕೊಳ್ಳಿ. ಮೊಣಕಾಲಿನ ಹಿಂದಿನ ಮಡಿಕೆಯಿಂದ ಅಂಗಾಲಿನವರೆಗೆ ಟೇಪು ಹಿಡಿದು ಅಳೆಯಿರಿ. 42 ಸೆಂ.ಮೀ. ಬಂತು ಎಂದಿಟ್ಟುಕೊಳ್ಳೋಣ. ಕುರ್ಚಿಯ ಎತ್ತರ 40 ಸೆಂ.ಮೀ. ಇದ್ದರೆ ಕಾಲು ಬಹುಮಟ್ಟಿಗೆ ನೇರವಾಗಿ ಕೆಳಗಿಳಿಯುತ್ತದೆ. ಕುರ್ಚಿ ತಗ್ಗಾಗುತ್ತ ಹೋದ ಹಾಗೆ ಪಾದ ಮುಂದಕ್ಕೆ ಸರಿಯಬೇಕಾಗುತ್ತದೆ.

ಎಷ್ಟು ಮುಂದಕ್ಕೆ? ಇಲ್ಲೊಂದು ಲಂಬಕೋನ ತ್ರಿಭುಜ ಇದೆ. ಕಾಲಿನ ಕೆಳಭಾಗ ಅದರ ವಿಕರ್ಣ, ಸೀಟಿನ ಎತ್ತರ ಒಂದು ಬಾಹು, ಪಾದ ಮುಂದೆ ಸರಿಯುವ ದೂರ ಇನ್ನೊಂದು ಬಾಹು. ಸೀಟು 40 ಸೆಂ.ಮೀ. ಎತ್ತರ ಇದ್ದಾಗ, 42ರ ವರ್ಗ 1764, 40ರ ವರ್ಗ 1600, ಉಳಿದದ್ದು 164. ಅದರ ವರ್ಗಮೂಲ ಸುಮಾರು 13. ಪಾದಕ್ಕೆ 13 ಸೆಂ.ಮೀ. ಜಾಗ ಸಾಕು. ಸೀಟು 25 ಸೆಂ.ಮೀ. ಎತ್ತರ ಇದ್ದರೆ? 1764ರಲ್ಲಿ 625 ಕಳೆದರೆ 1139. ಅದರ ವರ್ಗಮೂಲ ಸುಮಾರು 34. ಅಂದರೆ ಸೀಟನ್ನು 15 ಸೆಂ.ಮೀ. ತಗ್ಗಿಸಿದ್ದಕ್ಕೆ ಪಾದಕ್ಕೆ 21 ಸೆಂ.ಮೀ. ಹೆಚ್ಚು ಜಾಗ ಬೇಕಾಯಿತು.

ಆ ಜಾಗ ಇಲ್ಲದಿದ್ದರೆ ಏನಾಗುತ್ತದೆ? ಮುಂದಿನ ಸೀಟು ಅಡ್ಡ ಬಂದು ಪಾದಕ್ಕೆ 15 ಸೆಂ.ಮೀ. ಮಾತ್ರ ಸಿಕ್ಕಿತು ಎನ್ನೋಣ. 1764ರಲ್ಲಿ 225 ಕಳೆದು ವರ್ಗಮೂಲ ತೆಗೆದರೆ ಸುಮಾರು 39. ಮೊಣಕಾಲು ನೆಲದಿಂದ 39 ಸೆಂ.ಮೀ. ಮೇಲೆ ನಿಲ್ಲುತ್ತದೆ. ಸೀಟು ಇರುವುದು 25ರಲ್ಲಿ. ಮೊಣಕಾಲು ಸೀಟಿಗಿಂತ 14 ಸೆಂ.ಮೀ. ಎತ್ತರಕ್ಕೆ ಎದ್ದಿತು. ತೊಡೆ ಸೀಟನ್ನು ಬಿಟ್ಟು ಗಾಳಿಯಲ್ಲಿ ನಿಂತಿತು. ತೊಡೆಗೂ ಹಂಚಿಹೋಗಬೇಕಾಗಿದ್ದ ದೇಹದ ಭಾರವೆಲ್ಲ ಆಸನದ ಹಿಂಭಾಗದ ಸ್ವಲ್ಪ ಜಾಗದ ಮೇಲೆಯೇ ಬಿತ್ತು. ಬೆನ್ನು ಬಿಲ್ಲಿನಂತೆ ಬಾಗಿತು. ಮೂರನೆಯ ಸಾಲಿನಲ್ಲಿ ಕೂತವರು ಒಂದು ಗಂಟೆಯಲ್ಲೇ ಮಗ್ಗುಲು ಬದಲಿಸತೊಡಗುವುದು ಇದರಿಂದಲೇ.

ಆದ್ದರಿಂದ ಮೂರನೆಯ ಸಾಲಿನ ವಿಷಯದಲ್ಲಿ ನೆನಪಿಡಬೇಕಾದ ಮುಖ್ಯ ಅಳತೆ ಇದು: ನೆಲದಿಂದ ಸೀಟಿನ ಎತ್ತರ. ಬ್ರೋಷರಿನಲ್ಲಿ ಸಾಮಾನ್ಯವಾಗಿ ಕಾಣದ ಅಳತೆಯೂ ಇದೇ.

ಬಿಡದಿಯ ಮೂರು ಗಾಡಿಗಳು

ಈ ಮಾತಿಗೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ. ಅಲ್ಲಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರಬಂದವು. 2016ರಲ್ಲಿ ಇನ್ನೋವಾ ಕ್ರಿಸ್ಟಾ ಮತ್ತು ಹೊಸ ಫಾರ್ಚ್ಯುನರ್ ಎರಡೂ ಬಂದವು. ಈ ಎರಡರ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕ್ರಿಸ್ಟಾದ ಉದ್ದ 4735 ಮಿ.ಮೀ., ವೀಲ್‌ಬೇಸ್ 2750. ಫಾರ್ಚ್ಯುನರ್‌ನ ಉದ್ದ 4795, ವೀಲ್‌ಬೇಸ್ 2745. ಎರಡಕ್ಕೂ ಕೆಳಗೆ ಏಣಿಯಾಕಾರದ ಉಕ್ಕಿನ ಚೌಕಟ್ಟು, ಅಂದರೆ ಲ್ಯಾಡರ್ ಫ್ರೇಮ್. ಎರಡರಲ್ಲೂ ಮೂರನೆಯ ಸಾಲಿನ ಸೀಟುಗಳು ಮಡಚಿ ಪಕ್ಕದ ಗೋಡೆಗೆ ಏರುತ್ತವೆ. ಕಾಗದದ ಮೇಲೆ ಇವು ಅಣ್ಣತಮ್ಮಂದಿರು. ಫಾರ್ಚ್ಯುನರೇ ತುಸು ಉದ್ದ, ಬೆಲೆಯಲ್ಲೂ ಮೇಲು.

ಆದರೆ ಬೆಳೆದವರಿಗೆ ಕ್ರಿಸ್ಟಾದ ಮೂರನೆಯ ಸಾಲು ಫಾರ್ಚ್ಯುನರ್‌ನದಕ್ಕಿಂತ ಹಿತ. ಕಾರಣ ಉದ್ದದಲ್ಲಿಲ್ಲ, ನೆಲದಲ್ಲಿದೆ. ಕಲ್ಲುಮಣ್ಣಿನ ಹಾದಿಯಲ್ಲೂ ನಡೆಯಬೇಕೆಂದು ರೂಪಿಸಿದ ಫಾರ್ಚ್ಯುನರ್ ರಸ್ತೆಯಿಂದ ಹೆಚ್ಚು ಎತ್ತರದಲ್ಲಿ ನಿಲ್ಲುತ್ತದೆ. ಅದರ ನೆಲವೂ ಹಾಗೆಯೇ ಮೇಲಕ್ಕೆ ಬಂದಿದೆ, ಚಾವಣಿ ಮಾತ್ರ ಅದೇ ಪ್ರಮಾಣದಲ್ಲಿ ಏರಿಲ್ಲ. ಸೀಟು ನೆಲಕ್ಕೆ ಹತ್ತಿರವಾಯಿತು, ಮೊಣಕಾಲು ಮೇಲೆದ್ದಿತು. ಜನರನ್ನು ಸಾಗಿಸಲೆಂದೇ ರೂಪಿಸಿದ ಇನ್ನೋವಾವನ್ನು ವ್ಯಾಪಾರದ ಭಾಷೆಯಲ್ಲಿ ಎಂಪಿವಿ ಎನ್ನುತ್ತಾರೆ, ಫಾರ್ಚ್ಯುನರ್‌ಅನ್ನು ಎಸ್‌ಯುವಿ ಎನ್ನುತ್ತಾರೆ. ಹೆಸರಿನ ವ್ಯತ್ಯಾಸ ಹಿಂದೆ ಕೂತವರ ಕಾಲಿಗೆ ತಿಳಿಯುವುದು ಹೀಗೆ.

2022ರ ನವೆಂಬರಿನಲ್ಲಿ ಪರಿಚಯಿಸಿದ ಇನ್ನೋವಾ ಹೈಕ್ರಾಸ್ ಇನ್ನೊಂದು ಪಾಠ ಹೇಳುತ್ತದೆ. ಅದರ ಉದ್ದ 4755 ಮಿ.ಮೀ. ಕ್ರಿಸ್ಟಾಕ್ಕಿಂತ 20 ಮಿ.ಮೀ. ಮಾತ್ರ ಹೆಚ್ಚು. ಆದರೆ ವೀಲ್‌ಬೇಸ್ 2850, ಅಂದರೆ 100 ಮಿ.ಮೀ. ಹೆಚ್ಚು. ಇದು ಹೇಗೆ ಸಾಧ್ಯವಾಯಿತು? ಏಣಿಯಾಕಾರದ ಚೌಕಟ್ಟನ್ನು ಬಿಟ್ಟು ಇಡೀ ಮೈಯನ್ನೇ ಒಂದು ಪೆಟ್ಟಿಗೆಯಂತೆ ಕಟ್ಟಿದರು. ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೇ ಕೊಟ್ಟರು. ಹಿಂದಿನ ಚಕ್ರದವರೆಗೆ ತಿರುಗುವ ದಂಡ ಬೇಡವಾಯಿತು. ನೆಲ ಕೆಳಗಿಳಿಯಿತು, ಚಕ್ರಗಳು ಮೂಲೆಗೆ ಸರಿದವು. ಹೊರಗಿನ ಅಳತೆ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಒಳಗೆ ಜಾಗ ಹುಟ್ಟಿತು. ಇದಕ್ಕೆ ತೆರುವ ಬೆಲೆಯೂ ಇದೆ: ತೀರಾ ಕೆಟ್ಟ ರಸ್ತೆ, ಭಾರಿ ಹೊರೆ ಇವುಗಳಿಗೆ ಹಳೆಯ ಚೌಕಟ್ಟೇ ಗಟ್ಟಿ ಎಂದು ನೆಚ್ಚುವವರು ಈಗಲೂ ಇದ್ದಾರೆ. ನಿಮ್ಮ ಮನೆಯ ಹಾದಿ ಯಾವುದು ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ.

ಬ್ರೋಷರಿನ ಅಂಕಿಗಳನ್ನು ಓದುವುದು

ಕೆಲವು ಕಂಪನಿಗಳು ‘ಲೆಗ್‌ರೂಮ್’ ಎಂದು ಮಿಲಿಮೀಟರುಗಳಲ್ಲಿ ಒಂದು ಅಂಕಿ ಕೊಡುತ್ತವೆ. ಎರಡು ಸೀಟುಗಳ ನಡುವಿನ ಸಂದು ಇದು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಅಮೆರಿಕದ ಆಟೊಮೋಟಿವ್ ಎಂಜಿನಿಯರುಗಳ ಸಂಘದ ಜೆ1100 ಎಂಬ ಮಾನಕದ ಪ್ರಕಾರ, ಸೀಟಿನ ಮೇಲೆ ಮನುಷ್ಯಾಕಾರದ ಒಂದು ಸಾಧನವನ್ನು ಕೂರಿಸುತ್ತಾರೆ. ಅದರ ಸೊಂಟದ ಕೀಲಿನ ಬಿಂದುವಿನಿಂದ ಕಾಲಗಂಟಿನ ಬಿಂದುವಿನವರೆಗೆ ನೇರ ಗೆರೆ ಎಳೆದು ಅಳೆಯುತ್ತಾರೆ. ಬಂದ ಅಳತೆಗೆ 254 ಮಿ.ಮೀ. ಕೂಡಿಸುತ್ತಾರೆ. ಅದೇ ಲೆಗ್‌ರೂಮ್. ಹೆಡ್‌ರೂಮಿಗೂ ಹೀಗೆಯೇ 102 ಮಿ.ಮೀ. ಕೂಡಿಸುವ ಪದ್ಧತಿ ಉಂಟು. ಎಂಜಿನಿಯರುಗಳು ಒಂದು ಗಾಡಿಯನ್ನು ಇನ್ನೊಂದರೊಡನೆ ಹೋಲಿಸಲು ಈ ಅಳತೆ ಚೆನ್ನಾಗಿದೆ. ಆದರೆ ಮೊಣಕಾಲು ಮೇಲೆದ್ದಿದೆಯೆ, ತೊಡೆಗೆ ಆಧಾರ ಇದೆಯೆ ಎಂಬುದನ್ನು ಆ ಗೆರೆ ಹೇಳುವುದಿಲ್ಲ.

ನಡುವಿನ ಸಾಲು ಹಿಂದೆ ಮುಂದೆ ಜರುಗುವ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ನಡುವಿನ ಸೀಟನ್ನು ಪೂರ್ತಿ ಹಿಂದೆ ತಳ್ಳಿ ಎರಡನೆಯ ಸಾಲಿನ ಜಾಗ ಅಳೆಯಬಹುದು; ಅದನ್ನೇ ಪೂರ್ತಿ ಮುಂದೆ ತಂದು ಮೂರನೆಯ ಸಾಲಿನ ಜಾಗ ಅಳೆಯಬಹುದು. ಎರಡೂ ಅಂಕಿಗಳು ಸತ್ಯ. ಆದರೆ ಎರಡೂ ಒಂದೇ ಹೊತ್ತಿಗೆ ಸತ್ಯವಾಗಲಾರವು. ಒಂದೇ ಕಂಬಳಿಯನ್ನು ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ.

ಡಿಕ್ಕಿಯ ಲೀಟರುಗಳ ಲೆಕ್ಕ ಬೇರೆ. ಜರ್ಮನಿಯಲ್ಲಿ ರೂಢಿಗೆ ಬಂದ ವಿಧಾನವೊಂದರಲ್ಲಿ 200 × 100 × 50 ಮಿ.ಮೀ. ಅಳತೆಯ ಇಟ್ಟಿಗೆಗಳನ್ನು ಡಿಕ್ಕಿಯಲ್ಲಿ ಜೋಡಿಸುತ್ತಾರೆ. ಒಂದೊಂದು ಇಟ್ಟಿಗೆಯ ಘನ ಅಳತೆ ಸರಿಯಾಗಿ ಒಂದು ಲೀಟರು. ಎಷ್ಟು ಇಟ್ಟಿಗೆ ಹಿಡಿದವೋ ಅಷ್ಟು ಲೀಟರು. ಸಣ್ಣ ಇಟ್ಟಿಗೆ ಸಂದುಗೊಂದಿಗಳಿಗೂ ನುಸುಳುತ್ತದೆ, ಸೂಟ್‌ಕೇಸು ನುಸುಳುವುದಿಲ್ಲ.

2021ರ ಸಫಾರಿಯಲ್ಲಿ ಮೂರೂ ಸಾಲು ಎತ್ತಿ ನಿಲ್ಲಿಸಿದಾಗ ಡಿಕ್ಕಿ 73 ಲೀಟರು. ಮೂರನೆಯ ಸಾಲು ಮಡಚಿದರೆ 447 ಲೀಟರು. ಅದೇ ವರ್ಷದ ಅಲ್ಕಜಾರ್‌ನಲ್ಲಿ ಮೂರೂ ಸಾಲು ಇದ್ದಾಗ 180, ಹೈಕ್ರಾಸ್‌ನಲ್ಲಿ 300. ಈಗ ಮನೆಯಲ್ಲಿರುವ ಮಧ್ಯಮ ಗಾತ್ರದ ಒಂದು ಸೂಟ್‌ಕೇಸನ್ನು ಅಳೆಯಿರಿ. 65 ಸೆಂ.ಮೀ. ಉದ್ದ, 45 ಅಗಲ, 25 ದಪ್ಪ ಇದ್ದರೆ ಅದರ ಘನ ಅಳತೆ ಸುಮಾರು 73 ಲೀಟರು. ಏಳು ಜನರ ಪ್ರಯಾಣ, ಲೆಕ್ಕಕ್ಕೆ ಒಂದು ಸೂಟ್‌ಕೇಸು. ಅದೂ ಡಿಕ್ಕಿಯ ಆಕಾರ ಒಪ್ಪಿದರೆ ಮಾತ್ರ. ಮದುವೆಗೆ ಹೊರಟವರು ಏಳು ಜನರನ್ನು ಒಯ್ಯಬಹುದು, ಇಲ್ಲವೆ ಏಳು ಜನರ ಸಾಮಾನನ್ನು ಒಯ್ಯಬಹುದು. ಎರಡನ್ನೂ ಒಯ್ಯುವುದು ಕಷ್ಟ.

ಕ್ಯಾಮರಾದ ಕಣ್ಣು

ನಮ್ಮ ಕಸುಬಿನ ಒಂದು ಗುಟ್ಟನ್ನು ಇಲ್ಲಿ ಹೇಳಬೇಕು. ಸಣ್ಣ ಕೋಣೆಯನ್ನು ದೊಡ್ಡದಾಗಿ ತೋರಿಸಬೇಕಾದರೆ ನಾವು ವೈಡ್ ಆಂಗಲ್ ಲೆನ್ಸ್ ಹಾಕುತ್ತೇವೆ. 35 ಮಿ.ಮೀ. ಚೌಕಟ್ಟಿನ ಕ್ಯಾಮರಾದಲ್ಲಿ 50 ಮಿ.ಮೀ. ಲೆನ್ಸ್ ಎಡದಿಂದ ಬಲಕ್ಕೆ ಸುಮಾರು 40 ಡಿಗ್ರಿ ನೋಡುತ್ತದೆ. 16 ಮಿ.ಮೀ. ಲೆನ್ಸ್ ಸುಮಾರು 97 ಡಿಗ್ರಿ ನೋಡುತ್ತದೆ. ಅದನ್ನು ಇಕ್ಕಟ್ಟಿನ ಜಾಗದಲ್ಲಿ ಹತ್ತಿರದಿಂದ ಬಳಸಿದಾಗ ಮುಂದಿನ ವಸ್ತು ದೊಡ್ಡದಾಗಿ, ಹಿಂದಿನದು ಬಹಳ ದೂರ ಇರುವಂತೆ ಕಾಣುತ್ತದೆ. ಗಾಡಿಯ ಒಳಗೆ ಇದನ್ನಿಟ್ಟು ತೆಗೆದ ಚಿತ್ರದಲ್ಲಿ ಮೂರನೆಯ ಸಾಲಿನ ಮುಂದೆ ರಂಗೋಲಿ ಹಾಕುವಷ್ಟು ಜಾಗ ಕಂಡೀತು. ಕುಳಿತ ಮಾದರಿ ವ್ಯಕ್ತಿ ಗಿಡ್ಡವಾಗಿದ್ದು, ಮುಂದಿನ ಸೀಟನ್ನು ಮುಂದಕ್ಕೆ ಎಳೆದಿದ್ದರೆ ಕೇಳುವುದೇ ಬೇಡ. ಇದರಲ್ಲಿ ಹೇಳಿದ ಸುಳ್ಳೇನೂ ಇಲ್ಲ. ಕ್ಯಾಮರಾ ಕಂಡದ್ದನ್ನೇ ತೋರಿಸಿತು. ಆದರೂ ಜಾಹೀರಾತಿನ ಚಿತ್ರದಿಂದ ಜಾಗವನ್ನು ಅಳೆಯಬೇಡಿ.

ಜಾಗ ಸಾಲದಾದಾಗ ಅಪಾಯ ಎಲ್ಲಿ?

ಇಲ್ಲಿಯವರೆಗೆ ಹೇಳಿದ್ದು ಸುಖದ ಮಾತು. ಮುಂದಿನದು ಜೀವದ ಮಾತು. ಡಿಕ್ಕಿಯಲ್ಲಿ ಹಿಡಿಸದ ಸಾಮಾನು ಎರಡು ಕಡೆ ಹೋಗುತ್ತದೆ: ಮೂರನೆಯ ಸಾಲಿನವರ ಬೆನ್ನ ಹಿಂದೆ ಚಾವಣಿಯವರೆಗೆ, ಇಲ್ಲವೆ ಚಾವಣಿಯ ಮೇಲಕ್ಕೆ.

ಮೊದಲನೆಯದನ್ನು ನೋಡೋಣ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿರುವ ಚೀಲ, ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಹೆಚ್ಚುಕಡಿಮೆ ಮೂರನೆಯ ಮಹಡಿಯಿಂದ ಬಿದ್ದ ಚೀಲದಷ್ಟೇ ಹೊಡೆತ ಕೊಡಬಲ್ಲದು. ವೇಗದ ವರ್ಗವನ್ನು ಗುರುತ್ವದ ಇಮ್ಮಡಿಯಿಂದ ಭಾಗಿಸಿ, ಲೆಕ್ಕ ನೀವೇ ಮಾಡಬಹುದು. ಗಾಡಿ ಏನಕ್ಕಾದರೂ ಗುದ್ದಿ ಥಟ್ಟನೆ ನಿಂತರೆ ಸೀಟಿನ ಬೆನ್ನಿಗಿಂತ ಮೇಲೆ ಪೇರಿಸಿದ 10 ಕಿಲೋ ಚೀಲ ನಿಲ್ಲುವುದಿಲ್ಲ. ಅದರ ದಾರಿಯಲ್ಲಿ ಮೊದಲು ಸಿಗುವುದು ಕೊನೆಯ ಸಾಲಿನವರ ತಲೆ.

ಎರಡನೆಯದು ಚಾವಣಿ. ಜನ ತುಂಬಿದ 2300 ಕಿಲೋ ತೂಕದ ಗಾಡಿಯ ಗುರುತ್ವಕೇಂದ್ರ ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. 190 ಸೆಂ.ಮೀ. ಎತ್ತರದ ಕ್ಯಾರಿಯರ್ ಮೇಲೆ 100 ಕಿಲೋ ಸಾಮಾನು ಕಟ್ಟಿದರೆ ಕೇಂದ್ರ 75 ಸೆಂ.ಮೀ.ಗೆ ಏರುತ್ತದೆ. ಗಾಡಿ ಮಗುಚಿ ಬೀಳದಿರುವ ಶಕ್ತಿಯನ್ನು ಎಡಬಲ ಚಕ್ರಗಳ ನಡುವಿನ ಅಂತರವನ್ನು ಈ ಎತ್ತರದ ಇಮ್ಮಡಿಯಿಂದ ಭಾಗಿಸಿ ಅಂದಾಜು ಮಾಡುತ್ತಾರೆ. ಅಂತರ 154 ಸೆಂ.ಮೀ. ಆದರೆ ಆ ಅಂಕಿ 1.10ರಿಂದ 1.03ಕ್ಕೆ ಇಳಿಯಿತು. ಸಣ್ಣ ಇಳಿತದಂತೆ ಕಂಡರೂ, ಶಿರಾಡಿ ಘಾಟಿಯ ತಿರುವಿನಲ್ಲಿ ಥಟ್ಟನೆ ಸ್ಟಿಯರಿಂಗ್ ಎಳೆಯುವ ಸಂದರ್ಭ ಬಂದರೆ ಆ ಇಳಿತವೇ ದೊಡ್ಡದು.

ಕೊನೆಯ ಸಾಲಿನವರ ತಲೆಗೂ ಹಿಂದಿನ ಗಾಜಿಗೂ ನಡುವೆ ಎಷ್ಟು ಅಂತರ ಇದೆ ಎಂಬುದನ್ನೂ ನೋಡಬೇಕು. ಹಿಂದಿನಿಂದ ಲಾರಿ ಬಂದು ಗುದ್ದಿದರೆ ನಜ್ಜುಗುಜ್ಜಾಗಲು ಅಲ್ಲಿ ಇರುವುದು ಅಷ್ಟೇ ಜಾಗ. 2023ರಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ನಕ್ಷತ್ರಗಳು ಮುಂಭಾಗದ ಮತ್ತು ಪಕ್ಕದ ಗುದ್ದುಗಳನ್ನು ಆಧರಿಸಿ ಕೊಟ್ಟವು. ಹಿಂದಿನ ಸಾಲಿಗೆ ಹಿಂದಿನಿಂದ ಬರುವ ಪೆಟ್ಟನ್ನು ಅವು ಹೇಳುವುದಿಲ್ಲ. ತಲೆಯಾನಿಕೆಯನ್ನು ನಿಮ್ಮ ತಲೆಯ ಎತ್ತರಕ್ಕೆ ಎಳೆದುಕೊಳ್ಳುವುದು, ಬೆಲ್ಟು ಹಾಕಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರೂ ಬೆಲ್ಟು ಹಾಕಬೇಕೆಂದು ಕಾನೂನು ಹೇಳುತ್ತದೆ. ಮೂವರ ಸೀಟಿನಲ್ಲಿ ನಾಲ್ವರು ಒತ್ತಿಕೊಂಡರೆ ನಾಲ್ಕನೆಯವರಿಗೆ ಬೆಲ್ಟೇ ಇರುವುದಿಲ್ಲ.

ಶೋರೂಮಿಗೆ ಹೋದಾಗ

ಮನೆಯವರು ಗಾಡಿ ನೋಡಲು ಹೋಗುವಾಗ ನೀವೂ ಹೋಗಿ. ಟೇಪು, ಕಾಗದ, ಪೆನ್ಸಿಲ್ ಇರಲಿ. ಮನೆಯ ಒಂದು ಸೂಟ್‌ಕೇಸನ್ನೂ ಒಯ್ಯಿರಿ. ಮುಂದಿನಿಂದ ಹಿಂದಕ್ಕೆ ಹೀಗೆ ನಡೆಯಿರಿ:

1. ಗಾಡಿ ಓಡಿಸುವವರು ತಮಗೆ ಬೇಕಾದಂತೆ ಸೀಟು ಹೊಂದಿಸಲಿ. ಆಮೇಲೆ ಅದನ್ನು ಯಾರೂ ಮುಟ್ಟಬಾರದು.

2. ಅವರ ಹಿಂದೆ ನಡುವಿನ ಸಾಲಿನಲ್ಲಿ ಮನೆಯ ಹಿರಿಯರು ಕೂರಲಿ. ಅವರ ಮೊಣಕಾಲಿಗೆ ಹಿತವಾಗುವಷ್ಟು ಸೀಟನ್ನು ಜರುಗಿಸಿ, ಅಲ್ಲೇ ನಿಲ್ಲಿಸಿ.

3. ಈಗ ಮೂರನೆಯ ಸಾಲಿಗೆ ನೀವು ಹತ್ತಿ. ಹತ್ತಲು ಎಷ್ಟು ಬಾಗಬೇಕಾಯಿತು, ಒಳಗಿನಿಂದ ನೀವೊಬ್ಬರೇ ಸೀಟು ಮಡಚಿ ಇಳಿಯಬಹುದೆ ಎಂದು ಗಮನಿಸಿ. ಸೀರೆ ಉಟ್ಟ ಅಜ್ಜಿ ಅಲ್ಲಿಗೆ ಹತ್ತಬಲ್ಲರೆ ಎಂದು ಅವರನ್ನೇ ಕೇಳಿ.

4. ನೆಲದಿಂದ ಸೀಟಿನ ಅಂಚಿನ ಎತ್ತರ ಅಳೆಯಿರಿ. ಪಾದ ಮುಂದಿನ ಸೀಟಿನ ಅಡಿಗೆ ಹೋಗುತ್ತದೆಯೆ ನೋಡಿ. ತೊಡೆಯ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಹೋದರೆ ತೊಡೆಗೆ ಆಧಾರ ಇಲ್ಲ ಎಂದು ಅರ್ಥ.

5. ಚಕ್ರದ ಕಮಾನುಗಳ ನಡುವಿನ ಅಗಲ, ತಲೆಗೂ ಚಾವಣಿಗೂ ಇರುವ ಅಂತರ, ತಲೆಗೂ ಹಿಂದಿನ ಗಾಜಿಗೂ ಇರುವ ಅಂತರ ಇವನ್ನು ಬರೆದುಕೊಳ್ಳಿ.

6. ಹತ್ತು ನಿಮಿಷ ಅಲ್ಲೇ ಕೂತಿರಿ. ಗಾಳಿ ಬರುವ ಕಿಂಡಿ ಇದೆಯೆ, ಹೊರಗಿನ ರಸ್ತೆ ಕಾಣುತ್ತದೆಯೆ ಪರೀಕ್ಷಿಸಿ. ಹಿಂದಿನ ಅಚ್ಚಿನ ಮೇಲೆ ಕೂತವರಿಗೆ ಕುಲುಕಾಟ ಹೆಚ್ಚು. ರಸ್ತೆ ಕಾಣದಿದ್ದರೆ ಕಣ್ಣು ಹೇಳುವುದಕ್ಕೂ ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದಕ್ಕೂ ತಾಳೆ ಬೀಳದೆ ವಾಂತಿ ಬರುವ ಸಂಭವವೂ ಹೆಚ್ಚು.

7. ಮೂರೂ ಸಾಲುಗಳು ನಿಂತಿರುವಂತೆಯೇ ಸೂಟ್‌ಕೇಸನ್ನು ಡಿಕ್ಕಿಯಲ್ಲಿಟ್ಟು ಬಾಗಿಲು ಮುಚ್ಚಿ ನೋಡಿ.

ಮಾರುವವರು ಮೊದಲು ಡ್ಯಾಶ್‌ಬೋರ್ಡಿನ ಪರದೆಯನ್ನೂ ಮುಂದಿನ ಸೀಟಿನ ಚರ್ಮವನ್ನೂ ತೋರಿಸುತ್ತಾರೆ. ಅದು ಅವರ ಕೆಲಸ. ನೀವು ಮಾಡಬೇಕಾದದ್ದು ಕೊನೆಯ ಸಾಲಿನ ಅಳತೆಗಳನ್ನು ಬರೆದುಕೊಂಡು ಬಂದು ಮನೆಯವರ ಮುಂದೆ ಇಡುವುದು. ವರ್ಷಕ್ಕೆ ಎರಡು ಸಲ ಮಾತ್ರ ಏಳು ಜನ ಹೋಗುವ ಮನೆಗೆ ಐದು ಸೀಟಿನ ಗಾಡಿಯೇ ಸಾಕೆಂದು ಆ ಕಾಗದ ಹೇಳಬಹುದು. ಬೇಕಾದಾಗ ಬಾಡಿಗೆ ಗಾಡಿ ಸಿಗುತ್ತದೆ. ದಿನವೂ ಏಳು ಜನ ಹೋಗುವ ಮನೆಗೆ ಗತ್ತು ಕಡಿಮೆಯಾದರೂ ನೆಲ ತಗ್ಗಾದ, ಸೀಟು ಎತ್ತರವಾದ ಗಾಡಿಯೇ ವಾಸಿ ಎಂದೂ ಹೇಳಬಹುದು. ಎರಡರಲ್ಲಿ ಯಾವುದೇ ಆದರೂ, ಲಕ್ಷಗಟ್ಟಲೆ ರೂಪಾಯಿಯ ತೀರ್ಮಾನದಲ್ಲಿ ಹಿಂದೆ ಕೂರುವವರ ಮೊಣಕಾಲಿನ ಅಳತೆಗೂ ಒಂದು ಸ್ಥಾನ ಸಿಕ್ಕಿದಂತಾಗುತ್ತದೆ.